ಪಾಠ ಒಪ್ಪಿಸಿಕೊಳ್ಳುವವರು

ಹರಿಯಬ್ಬೆಯ ಸೀಮೆಯಲ್ಲಿ ಕಾಡುಗೊಲ್ಲರ ಜುಂಜಪ್ಪನ ಕಥೆ ಬಾಯಿಂದ ಬಾಯಿಗೆ ದಾಟಿ ಬಂದದ್ದು. ಹಾಡುವವರು ಒಂದು ಸೊಲ್ಲನ್ನು ಹಿಗ್ಗಿಸಿದರೂ ಇನ್ನೊಂದನ್ನು ಹಾರಿಸಿದರೂ ಕಥೆಗೆ ಕುಂದಿಲ್ಲ. ಮದರಸಾದಲ್ಲಿ ಹಿಫ್ಜ್, ಅಂದರೆ ಇಡೀ ಕುರ್‌ಆನಿನ ಕಂಠಪಾಠ, ಮಾಡುವ ಹುಡುಗನಿಗೆ ಈ ಸಲಿಗೆ ಇಲ್ಲ. 30 ಪಾರಾ (ಭಾಗ), 114 ಸೂರಾ (ಅಧ್ಯಾಯ), ಆರು ಸಾವಿರಕ್ಕೂ ಮಿಕ್ಕ ಆಯತ್‌ಗಳು (ವಚನಗಳು). ಹ್ರಸ್ವ ದೀರ್ಘವಾದರೂ ಉಸ್ತಾದರು ತಡೆಯುತ್ತಾರೆ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ ಆಡುವವನು ಅರ್ಥ ತಿಳಿಯದ ಅರಬ್ಬಿಯನ್ನು ಹೀಗೆ ಹೊರಬೇಕು. ಅರ್ಥವನ್ನೂ ಜೊತೆಗೇ ಹೇಳಿಕೊಟ್ಟರೆ ಒಳ್ಳೆಯದೆಂದೇ ನನ್ನ ಅನಿಸಿಕೆ.

ಕಂಠಪಾಠ ಮುಗಿಸಿ ಹಾಫಿಜ್ ಆದವನಿಗೆ ಹಾರ ಬೀಳುತ್ತದೆ. ದಿನವೂ ಎದುರು ಕೂತು ಕೇಳಿದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಕೆಲಸದ ಅರ್ಧ ಭಾರ ಅವರದು. ಹೊಸ ಪಾಠ ಸಬಕ್, ಈಚೆಗೆ ಕಲಿತದ್ದು ಸಬಕ್ ಪಾರಾ, ಹಳೆಯದು ಆಮೂಖ್ತಾ. ಮೂರನ್ನೂ ಒಪ್ಪಿಸಬೇಕು. ಹೊಸದು ಬೇಗ ಬರುತ್ತದೆ, ಹಳೆಯದು ಸದ್ದಿಲ್ಲದೆ ಜಾರುತ್ತದೆ. ಒಂದೇ ಬಗೆಯ ಆಯತ್ ಎರಡು ಕಡೆ ಬಂದರಂತೂ ಹುಡುಗ ತನಗೇ ತಿಳಿಯದಂತೆ ಒಂದು ಸೂರಾದಿಂದ ಇನ್ನೊಂದಕ್ಕೆ ಹೊರಳಿಬಿಡುತ್ತಾನೆ. ಅದಕ್ಕೇ ಓದುವ ಪ್ರತಿ ಬದಲಿಸಬೇಡ ಎನ್ನುತ್ತಾರೆ: ಯಾವ ಆಯತ್ ಪುಟದ ಯಾವ ಮೂಲೆಯಲ್ಲಿದೆ ಎಂಬುದನ್ನು ಕಣ್ಣೂ ನೆನಪಿಟ್ಟಿರುತ್ತದೆ.

ಹೀಗೆ ತಪ್ಪಿದಾಗ ಬೆತ್ತ ಹಿಡಿಯುವ ಉಸ್ತಾದರೂ ಇದ್ದಾರೆ. ಮಗ್ಗಿ ಕಲಿಸಿದ ನಮ್ಮ ಹಳೆಯ ಮೇಷ್ಟ್ರುಗಳೂ ಹಿಡಿದವರೇ. ಹೆದರಿದ ಮಗು ಬರುವುದನ್ನೂ ಮರೆಯುತ್ತದೆ. ಪೆಟ್ಟಿನಿಂದ ಪಾಠ ನಿಲ್ಲುತ್ತದೆಂಬ ಮಾತನ್ನು ನಾನು ಒಪ್ಪಲಾರೆ.

ಪೆಟ್ಟಿಲ್ಲದೆ ತಿದ್ದುವ ರೀತಿಯನ್ನು ರಂಜಾನಿನ ರಾತ್ರಿಯ ತರಾವೀಹ್ ನಮಾಜಿನಲ್ಲಿ ನೋಡಬೇಕು. ಇಮಾಮರ ಹಿಂದಿನ ಸಾಲಿನಲ್ಲಿ ಇನ್ನೊಬ್ಬ ಹಾಫಿಜ್ ನಿಂತಿರುತ್ತಾರೆ, ಸಾಮಿ. ಇಮಾಮರು ತಡವರಿಸಿದರೆ ಮುಂದಿನ ಪದವನ್ನು ಎತ್ತಿಕೊಡುತ್ತಾರೆ, ಅದು ಲುಕ್ಮಾ. ಇಮಾಮರು ಅದನ್ನು ಹಿಡಿದು ಮುಂದೆ ಹೋಗುತ್ತಾರೆ. ಇಡೀ ಜಮಾತಿನ ಎದುರು ತಪ್ಪಾಯಿತು, ಸರಿಯಾಯಿತು. ಯಾರ ಮಾನವೂ ಹೋಗಲಿಲ್ಲ. ನಮ್ಮ ಸಭೆಗಳಲ್ಲಿ ಹೀಗೆ ತಿದ್ದಿಸಿಕೊಳ್ಳುವವರು ಎಷ್ಟು ಜನ?

633ರ ಯಮಾಮಾ ಯುದ್ಧದಲ್ಲಿ ಕಂಠಪಾಠವಿದ್ದ ಅನೇಕರು ಸತ್ತಾಗ ಖಲೀಫಾ ಅಬೂಬಕರ್ ಕುರ್‌ಆನನ್ನು ಒಟ್ಟುಗೂಡಿಸಿ ಬರೆಸಿದರು. ಬರಹ ಬಂದಮೇಲೂ ಬಾಯಿಪಾಠ ನಿಲ್ಲಲಿಲ್ಲ, ಕೇಳುವ ಕಿವಿಯ ಅಗತ್ಯವೂ ತೀರಲಿಲ್ಲ. ಮದರಸಾ ಬಿಟ್ಟು ಅಂಗಡಿಯಲ್ಲೋ ಲಾರಿಯಲ್ಲೋ ದುಡಿಯತೊಡಗಿದ ಹಾಫಿಜ್‌ಗಂತೂ ಕೇಳುವವರು ಸಿಗುವುದೇ ಕಷ್ಟ. ಕೇಳುವುದಕ್ಕೆ ಹಾಫಿಜರೇ ಬೇಕೆಂದಿಲ್ಲ. ಅರಬ್ಬಿ ಅಕ್ಷರ ಕೂಡಿಸಿ ಓದಬಲ್ಲ ಅಮ್ಮಿಯೋ ಆಪಾನೋ ಸಾಲಿನ ಮೇಲೆ ಬೆರಳಿಟ್ಟು ಕೂತರೆ ಆದೀತು, ದಿನಕ್ಕೆ ಒಂದು ಪಾರಾದಂತೆ ತಿಂಗಳಿಗೆ ಒಂದು ಸುತ್ತು ಮುಗಿಯುತ್ತದೆ.