ನಿಲ್ಲುವುದೂ ವ್ರತವೇ

ಮಳೆಗಾಲದಲ್ಲಿ ಸೈಕಲ್ ಸವಾರರಿಗೂ ದಿಗಂಬರ ಮುನಿಗಳಿಗೂ ಒಂದೇ ಪಾಡು. ವರ್ಷವೆಲ್ಲ ಊರೂರು ವಿಹಾರ ಮಾಡುವ ಮುನಿಗಳು ಆಷಾಢದಿಂದ ದೀಪಾವಳಿಯವರೆಗೆ ಚಾತುರ್ಮಾಸ್ಯವೆಂದು ಒಂದೇ ಕಡೆ ನೆಲೆ ನಿಲ್ಲುತ್ತಾರೆ. ಧಾರವಾಡದ ಜಿಟಿಜಿಟಿಯಲ್ಲಿ ನನ್ನ ಸೈಕಲ್ಲೂ ಗೋಡೆಗೆ ಒರಗುತ್ತದೆ. 200, 300, 600 ಕಿ.ಮೀ. ಬ್ರೆವೆಗಳ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳ, ಹುಚ್ಚು ಹಿಡಿದ ನನಗೆ ಇದು ದಂಡದ ಕಾಲ ಅನ್ನಿಸುತ್ತಿತ್ತು. ಅವ್ವ ಒಪ್ಪುವುದಿಲ್ಲ. ಮುನಿಗಳು ನಿಂತರೆ ವ್ರತ ಮುರಿದಂತಲ್ಲ, ನಿಲ್ಲುವುದೂ ವ್ರತದಾಗs ಐತಿ ಅಂತಾಳೆ. ಮಳೆ ಬಿದ್ದ ದಾರಿಯ ತುಂಬ ಹುಳ, ಹುಪ್ಪಡಿ, ಮೊಳಕೆ, ಕಾಲಿಟ್ಟರೆ ಹಿಂಸೆ. ಬೌದ್ಧರ ವರ್ಷಾವಾಸಕ್ಕೂ ಇದೇ ಕಾರಣ. ಶಾಂಕರ ಮಠಗಳ ಯತಿಗಳು ಪಕ್ಷವನ್ನೇ ಮಾಸವೆಂದು ಎಣಿಸಿ ಎರಡೇ ತಿಂಗಳಲ್ಲಿ ಚಾತುರ್ಮಾಸ್ಯ ಮುಗಿಸುತ್ತಾರೆ. ನಮ್ಮ ಸೈಕಲ್ ಗೆಳೆಯರಿಗೆ ಆ ಲೆಕ್ಕ ಬಲು ಹಿಡಿಸಿದೆ.

ನಿಂತವರು ಸುಮ್ಮನಿರುವುದಿಲ್ಲ. ಮುನಿಗಳಿಗೆ ಸ್ವಾಧ್ಯಾಯ, ಪ್ರವಚನ. ನಮಗೆ ಕ್ರಾಸ್ ಟ್ರೇನಿಂಗ್, ಅಂದರೆ ಓಟ, ಈಜು, ಭಾರ ಎತ್ತುವುದು. ಇದು ಯಾಕೆ ಬೇಕೆಂದು ತಿಳಿಯಬೇಕಾದರೆ ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಿ ಇಳಿಯಬೇಕು. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು. ಹತ್ತುವಾಗ ನಾನೇ ಮುಂದು. ಇಳಿಯುವಾಗ ಎಪ್ಪತ್ತು ದಾಟಿದ ಅವ್ವ ಸೆರಗು ಸಿಗಿಸಿಕೊಂಡು ಸರಸರ ಇಳಿದಳು, ನನ್ನ ತೊಡೆ ಗಡಗಡ. ಮರುದಿನ ಕೂತಲ್ಲಿಂದ ಏಳಲು ಗೋಡೆ ಹಿಡಿಯಬೇಕಾಯಿತು. ಪೆಡಲ್ ಒತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತ ದುಡಿಯುತ್ತದೆ. ಇಳಿಯುವಾಗ ಮೈಭಾರ ತಡೆಯುತ್ತ, ಹಿಗ್ಗುತ್ತ ದುಡಿಯಬೇಕು. ಆ ವಿದ್ಯೆಯನ್ನು ಸೈಕಲ್ ಕಲಿಸುವುದಿಲ್ಲ. ನಿಮಿಷಕ್ಕೆ 85ರಂತೆ ತುಳಿದರೆ ಗಂಟೆಗೆ 5100 ಸುತ್ತು, ಅಷ್ಟೂ ಒಂದೇ ಗೆರೆಯಲ್ಲಿ. ಮಂಡಿ ಪೂರ್ತಿ ಚಾಚದು, ಸೊಂಟ ಪೂರ್ತಿ ಬಿಚ್ಚದು. ಭಾರವನ್ನೆಲ್ಲ ಸೀಟೇ ಹೊತ್ತರೆ ಎಲುಬಿಗೆ ಕೆಲಸವೆಲ್ಲಿ? ವರ್ಷಗಟ್ಟಲೆ ರಸ್ತೆ ಸೈಕಲ್ ಬಿಟ್ಟು ಬೇರೇನೂ ಮಾಡದವರಲ್ಲಿ ಬೆನ್ನೆಲುಬಿನ ಸಾಂದ್ರತೆ ಕಡಿಮೆ ಇರುವುದು ಕಂಡುಬಂದಿದೆ.

ಪೂರ್ವ ಜರ್ಮನಿಯ ಕ್ರಿಸ್ಟಾ ಲುಡಿಂಗ್ ಅವರದು ಇದಕ್ಕೆ ತಿರುವುಮುರುವು. ಅವರು ಐಸ್ ಸ್ಕೇಟಿಂಗ್‌ನವರು, ಸೈಕಲ್ಲೇ ಅವರ ಬಿಡುವಿನ ಕಾಲದ ಅಭ್ಯಾಸ. 1988ರಲ್ಲಿ ಕ್ಯಾಲ್ಗರಿಯ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕೇಟಿಂಗ್ ಚಿನ್ನ, ಅದೇ ವರ್ಷ ಸೋಲ್‌ನಲ್ಲಿ ಸೈಕ್ಲಿಂಗ್ ಬೆಳ್ಳಿ.

ನಮ್ಮ ಮನೆಯಲ್ಲಿ ಕ್ರಾಸ್ ಟ್ರೇನಿಂಗೂ ಸುಲಭವಲ್ಲ. ಬಾವಿಯಲ್ಲಿ ಈಜುತ್ತೇನೆಂದರೆ, ಸೋಸದ ನೀರಿನ್ಯಾಗಿನ ಜೀವ ಎಷ್ಟು ಸಾಯ್ತಾವು ಗೊತ್ತೇನು ಅಂತಾಳೆ ಅವ್ವ. ಓಡುತ್ತೇನೆಂದರೆ ಹುಳಗಳ ಮಾತು ಮತ್ತೆ ಬರುತ್ತದೆ. ಕೊನೆಗೆ ಉಳಿದದ್ದು ಪಡಸಾಲೆಯಲ್ಲಿ ಇಪ್ಪತ್ತೈದು ಕಿಲೋ ಅಕ್ಕಿ ಚೀಲ ಹೆಗಲಿಗೇರಿಸಿ ಬಸ್ಕಿ ಹೊಡೆಯುವುದು.

ಚೀಲ ಹೊತ್ತಾಗ ಕಾಡುವುದು ಬೆಟ್ಟದ ಮೇಲಿನ ಬಾಹುಬಲಿ. ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದವನು. ಕ್ರಾಸ್ ಟ್ರೇನಿಂಗ್ ಅವನಿಗೆ ಹೇಳಿಕೊಡಬೇಕಿಲ್ಲ. ಎಲ್ಲ ಬಿಟ್ಟು ವರ್ಷವಿಡೀ ನಿಂತ. ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು, ಎಲ್ಲವನ್ನೂ ಅರಿಯುವ ಕೇವಲಜ್ಞಾನ ಬರಲಿಲ್ಲ. ನಿಂತ ನೆಲ ಭರತನದು ಎಂಬ ಮುಳ್ಳು ಮನಸ್ಸಿನಲ್ಲಿ ಉಳಿದಿತ್ತು ಅನ್ನುತ್ತಾರೆ ನಮ್ಮವರು.

ಪ್ರಶ್ನೆ ಏಳುವುದು ಇಲ್ಲೇ. ಮುನಿ ನಿಲ್ಲುವುದು ಮುಂದೆ ಜೋರಾಗಿ ನಡೆಯಲಿಕ್ಕಲ್ಲ, ಪರಜೀವಕ್ಕಾಗಿ. ನಾನು ಬಸ್ಕಿ ಹೊಡೆಯುವುದು ಮುಂದಿನ ಬ್ರೆವೆಯಲ್ಲಿ ಅರ್ಧ ಗಂಟೆ ಉಳಿಸಲಿಕ್ಕೆ. ಹಾಗಿದ್ದರೆ ನಾನು ನಿಂತದ್ದೆಲ್ಲಿ? ಸೈಕಲ್ ಗೋಡೆಗೊರಗಿದೆ, ಲೋಭ ಇನ್ನೂ ತುಳಿಯುತ್ತಿದೆ. ಜೈನರ ಕರ್ಮಸಿದ್ಧಾಂತ ಈ ವಿಷಯದಲ್ಲಿ ಖಡಕ್: ಕರ್ಮದ ಧೂಳು ಗಟ್ಟಿಯಾಗಿ ಅಂಟುವುದು ಕಷಾಯ ಇದ್ದಾಗ, ಅಂದರೆ ಕ್ರೋಧ, ಮಾನ, ಮಾಯೆ, ಲೋಭ ಇದ್ದಾಗ. ಒಣಗೋಡೆಗೆ ಬಿದ್ದ ಧೂಳು ಉದುರಿಹೋಗುತ್ತದೆ. ಎಲುಬು ಮಾತ್ರ ಈ ಭೇದ ಮಾಡುವುದಿಲ್ಲ. ಲೋಭದಿಂದ ಚೀಲ ಹೊತ್ತರೂ ಗಟ್ಟಿಯಾಗುತ್ತದೆ. ದೇಹದ ಲೆಕ್ಕಕ್ಕೂ ಜೀವದ ಲೆಕ್ಕಕ್ಕೂ ವಹಿ ಬೇರೆ. ಗೆಳೆಯರು ಹೇಳುವ ಆಫ್ ಸೀಸನ್ ಲಾಭಗಳೆಲ್ಲ ಮೊದಲನೆಯ ವಹಿಯವು. ಅವು ಸುಳ್ಳಲ್ಲ, ಆದರೆ ಅವುಗಳಿಗೆ ತಪಸ್ಸಿನ ಹೆಸರು ಕೊಡುವುದು ನನಗೆ ಒಗ್ಗದು.

ದೀಪಾವಳಿ ಕಳೆದ ಮೇಲಿನ 200ಕ್ಕೆ ಹೆಸರು ಕೊಟ್ಟಾಯಿತು. ಮುನಿಗಳ ವಿಹಾರವೂ ಅದೇ ವಾರ ಹೊರಡುತ್ತದೆ.