ನಿಮ್ಮ ಒಂದು ಗಂಟೆ ಯಾರಿಗೆ?

ಮದೀನದ ಪ್ರವಾದಿ ಮಸೀದಿಯ ಒಂದು ಬದಿಯಲ್ಲಿ 'ಸುಫ್ಫಾ' ಎಂಬ ಚಪ್ಪರವಿತ್ತು. ಮನೆಮಾರು ಇಲ್ಲದ ಬಡ ಸಹಾಬಿಗಳು ಅಲ್ಲೇ ತಂಗುತ್ತಿದ್ದರು, ಅಲ್ಲೇ ಕಲಿಯುತ್ತಿದ್ದರು. ಅವರಲ್ಲಿ ಕೆಲವರಿಗೆ ಕುರ್‌ಆನನ್ನೂ ಬರವಣಿಗೆಯನ್ನೂ ಕಲಿಸಿದವರು ಹಝ್ರತ್ ಉಬಾದ ಬಿನ್ ಸಾಮಿತ್(ರ). ಒಮ್ಮೆ ಒಬ್ಬ ಶಿಷ್ಯರು ಅವರಿಗೆ ಒಂದು ಬಿಲ್ಲನ್ನು ಉಡುಗೊರೆಯಾಗಿ ಕೊಟ್ಟರು. ಇದೇನು ಹಣವಲ್ಲ, ಅಲ್ಲಾಹನ ಮಾರ್ಗದಲ್ಲೇ ಉಪಯೋಗವಾದೀತು ಎಂದು ಅವರಿಗೆ ತೋಚಿತು. ಆದರೂ ಪ್ರವಾದಿವರ್ಯರಲ್ಲಿ(ಸ) ಕೇಳಿದರು. ಅದನ್ನು ಸ್ವೀಕರಿಸುವುದು ಬೆಂಕಿಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಂತೆ ಎಂಬ ಎಚ್ಚರಿಕೆ ದೊರೆಯಿತೆಂದು ಅಬೂದಾವೂದ್‌ನ ವರದಿಯಲ್ಲಿದೆ. ಸಂಬಳ ಪಡೆಯುವ ಅಧ್ಯಾಪಕರ ಕುರಿತು ವಿದ್ವಾಂಸರ ಚರ್ಚೆ ಬೇರೆಯೇ ಇದೆ. ಅದು ಇಲ್ಲಿ ಬೇಡ.

ಪ್ರಿಯ ಸಹೋದರ ಸಹೋದರಿಯರೇ, ನಮ್ಮ ಕರಾವಳಿಯ ಊರುಗಳಲ್ಲಿ ಶಾಲೆ ಆರಂಭವಾಗುವಾಗ ಬಡ ಮಕ್ಕಳಿಗೆ ನೋಟ್‌ಬುಕ್ ಹಂಚುತ್ತೇವೆ. ಒಳ್ಳೆಯದೇ. ಆದರೆ ಆ ಪುಸ್ತಕ ತೆರೆದು ಮಗುವಿನ ಪಕ್ಕ ಕುಳಿತುಕೊಳ್ಳುವವರು ಯಾರು? ತಾಯಿ ಬೀಡಿ ಕಟ್ಟುತ್ತಿರುತ್ತಾಳೆ. ತಂದೆ ಕೂಲಿಯಿಂದ ಮರಳುವಾಗ ಮಗು ನಿದ್ದೆ ಹೋಗಿರುತ್ತದೆ. ಮನೆಯ ಮಾತು ಬ್ಯಾರಿ, ಪುಸ್ತಕದ ಮಾತು ಕನ್ನಡ. ಏಳನೇ ತರಗತಿಯಲ್ಲೂ ಭಾಗಾಕಾರ ಬಾರದ ಹುಡುಗ ನಾಚಿಕೆಯಿಂದ ಹಿಂದಿನ ಬೆಂಚು ಹಿಡಿಯುತ್ತಾನೆ. ಒಂಬತ್ತಕ್ಕೆ ಬರುವಷ್ಟರಲ್ಲಿ ಗ್ಯಾರೇಜು ಸೇರುತ್ತಾನೆ. ಫೀಸು ಕಟ್ಟಲಾಗದ್ದಕ್ಕಲ್ಲ, ಕೇಳುವವರಿಲ್ಲದ್ದಕ್ಕೆ.

ಕಲಿಸಲು ಹೊರಟವರಿಗೂ ಒಂದು ಪರೀಕ್ಷೆಯಿದೆ. ಚುರುಕಾದ ಮಕ್ಕಳಿಗೆ ಕಲಿಸುವುದು ಹಿತ; ಅವರ ಅಂಕಗಳು ನಮಗೂ ಹೆಸರು ತರುತ್ತವೆ. ಕುರೈಶ್ ನಾಯಕರೊಂದಿಗೆ ಮಾತಿನಲ್ಲಿದ್ದ ಪ್ರವಾದಿವರ್ಯರ(ಸ) ಬಳಿಗೆ ಅಂಧರಾದ ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್(ರ) ಕಲಿಯುವ ಹಂಬಲದಿಂದ ಬಂದರು. ಆಗ ಮುಖ ತಿರುಗಿಸಿದ್ದಕ್ಕೆ ಅಲ್ಲಾಹನು 'ಅಬಸ' ಅಧ್ಯಾಯದಲ್ಲಿ ತನ್ನ ಪ್ರವಾದಿಯನ್ನೇ ತಿದ್ದಿದನು. ಹಾಗಾದರೆ ಹತ್ತು ಸಲ ಹೇಳಿದರೂ ಅರ್ಥವಾಗದ ಹುಡುಗನ ಮುಂದೆ ಗಂಟಿಕ್ಕುವ ನಮ್ಮ ಹುಬ್ಬಿಗೆ ಏನು ಸಮಾಧಾನ?

ಮಗು ಯಾವ ಧರ್ಮದ್ದೆಂದೂ ನೋಡಬೇಕಾಗಿಲ್ಲ. ಹಿಜರಿ 2ರ ಬದ್ರ್ ಯುದ್ಧದ ನಂತರ, ಪರಿಹಾರಧನವಿಲ್ಲದ ಮಕ್ಕಾದ ಕೈದಿಗಳು ಅನ್ಸಾರರ ಮಕ್ಕಳಿಗೆ ಅಕ್ಷರ ಕಲಿಸಿ ಬಿಡುಗಡೆ ಪಡೆದರು. ವಿಗ್ರಹಾರಾಧಕರಿಂದ ಅಕ್ಷರ ಕಲಿತ ಸಮುದಾಯ ನೆರೆಮನೆಯ ಮಗುವಿಗೆ ಕಲಿಸಲು ಹಿಂಜರಿಯುವುದುಂಟೇ?

ಮಗ್ರಿಬ್‌ನಿಂದ ಇಶಾವರೆಗಿನ ಹೊತ್ತು ನಮ್ಮಲ್ಲಿ ಹರಟೆಗೇ ಹೋಗುತ್ತದೆ. ಅದರಲ್ಲಿ ವಾರಕ್ಕೆ ಮೂರು ದಿನ ಇಬ್ಬರು ಮಕ್ಕಳಿಗೆ ಕೊಡಿ. ಸಹೋದರಿಯರು ಮನೆಯಲ್ಲೇ ಹೆಣ್ಣುಮಕ್ಕಳನ್ನು ಕೂರಿಸಿಕೊಳ್ಳಬಹುದು. ರಂಝಾನಿನ ಹುರುಪಿನಲ್ಲಿ ಆರಂಭಿಸಿ ಶವ್ವಾಲಿನಲ್ಲಿ ಕೈಬಿಡುವುದಾದರೆ ಆರಂಭಿಸದಿರುವುದೇ ಲೇಸು. ಆ ಮಗು ಈಗಾಗಲೇ ಅನೇಕರ ಮಾತು ನಂಬಿ ಸೋತಿದೆ. ಎರಡು ದಿನ ಬಾರದಿದ್ದರೆ ಬೈಯದೆ ಅವನ ಮನೆಗೇ ಹೋಗಿ ವಿಚಾರಿಸಿ. ತಾಯಿಗೆ ಜ್ವರವಿದ್ದು, ತಂಗಿಯನ್ನು ನೋಡಿಕೊಳ್ಳುತ್ತಾ ಅವನು ಬಾಗಿಲಲ್ಲೇ ಕುಳಿತಿರಬಹುದು.