ನಾಣ್ಯದ ಮೇಲೆ ಕೈಸರ, ನಿಮ್ಮ ಮೇಲೆ ಯಾರು?



ನಮ್ಮ ಹದಡಿಯಿಂದ ಬಸ್ಸಲ್ಲಿ ಒಂದೇ ದಿನದಲ್ಲಿ ಹೋಗಿ ಬರೋ ಜಾಗ ಚಿತ್ರದುರ್ಗ. ಅಲ್ಲಿ, 1947ರಲ್ಲಿ ವೀಲರ್ ಉತ್ಖನನ ಮಾಡಿಸಿದ ಚಂದ್ರವಳ್ಳಿಯ ಮಣ್ಣಲ್ಲಿ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅವುಗಳಲ್ಲಿ ತಿಬೇರಿಯ ಕೈಸರನದ್ದೂ ಇದೆ. ಲೂಕ 3:1 ನೋಡಿ, ಅದೇ ತಿಬೇರಿಯ.

ಅವನ ಬೆಳ್ಳಿ ದಿನಾರಿಯ ಒಂದು ಮುಖದಲ್ಲಿ ಅವನ ತಲೆ, ಸುತ್ತ 'ದೈವವಾದ ಔಗುಸ್ತನ ಮಗ' ಅನ್ನೋ ಬರಹ. ಇನ್ನೊಂದು ಮುಖದಲ್ಲಿ ಕೊಂಬೆ ಹಿಡಿದು ಕುಳಿತ ಸ್ತ್ರೀ. ಅವಳನ್ನು ಶಾಂತಿದೇವತೆ ಅಂತಾರೆ. ಅಂದ್ರೆ, ಕೈಸರನೇ ದೇವಕುಮಾರ, ಶಾಂತಿ ಅವನಿಂದಲೇ! ಆದ್ರೆ ಅವನ ಆಳ್ವಿಕೆಯಲ್ಲೇ ನಿಜವಾದ ದೇವಕುಮಾರನನ್ನು ಶಿಲುಬೆಗೆ ಹಾಕಿದರು.

ಮತ್ತಾಯ 22ರಲ್ಲಿ ಯೇಸುಸ್ವಾಮಿ ತೆರಿಗೆ ನಾಣ್ಯ ತರಿಸಿ, ಅದರ ಮೇಲಿನ ತಲೆ ಯಾರದು ಅಂತ ಕೇಳಿದ್ರು. ಕೈಸರನ ಮುದ್ರೆ ಇದ್ದದ್ದು ಕೈಸರನಿಗೆ ಹೋಗಲಿ. ನೀವು ಯಾರಿಗೆ? ಆದಿಕಾಂಡ 1:27ರ ಪ್ರಕಾರ ನಿಮ್ಮ ಮೇಲಿರೋದು ದೇವರ ಸ್ವರೂಪ.

ತೆರಿಗೆ ಕಟ್ಟಿ, ಇಎಂಐ ಕಟ್ಟಿ. ಆದ್ರೆ ಸಂಬಳ ಬಂದ ದಿನ ಸಮಾಧಾನ, ಖಾಲಿಯಾದ ದಿನ ಕಳವಳ ಅಂದ್ರೆ, ನಮ್ಮ ಶಾಂತಿ ಇನ್ನೂ ನಾಣ್ಯದ ಮೇಲೇ ಕೂತಿದೆ. ಹೋದ ತಿಂಗಳು ನನಗೂ ಹಾಗೇ ಆಯ್ತು, ಮೊಣಕಾಲೂರಿ ಒಪ್ಪಿಕೊಂಡೆ. ಈ ಹೊತ್ತು ನೀವೂ ಹೇಳಿ: ಕರ್ತನೇ, ನಾನು ನಿನ್ನ ಸೊತ್ತು. ಆಮೆನ್.